ಅಜ್ಜನ ಎಡೆಗೆ ಬಾಡಿಲ್ಲ: ಅಂಗಡಿ ಮುಚ್ಚಿಸುವ ಕಾನೂನುಗಳ ಒಳಹೊರಗು

2024ರ ಅಕ್ಟೋಬರ್ 2, ಬುಧವಾರ, ಮಹಾಲಯ ಅಮಾವಾಸ್ಯೆ. ಹಾಸನದ ನಮ್ಮ ಮನೆಯಲ್ಲಿ ಅಜ್ಜನಿಗೆ ಎಡೆ ಇಡುವ ದಿನ. ಎಡೆ ಎಂದರೆ ಅಜ್ಜ ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲ ಬಾಳೆಲೆಯ ಮೇಲೆ ಬರಬೇಕು: ರಾಗಿ ಮುದ್ದೆ, ಕುರಿ ಬಾಡಿನ ಸಾರು, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಸಣ್ಣದೊಂದು ಬಾಟಲಿ ಬ್ರಾಂದಿ. ಹಿಂದಿನ ದಿನ ಸಂಜೆ ಮಾಂಸದಂಗಡಿಗೆ ಹೋದರೆ ಬಾಗಿಲ ಮೇಲೆ ಕೈಬರಹದ ಚೀಟಿ: ‘ಗಾಂಧಿ ಜಯಂತಿ, ನಾಳೆ ರಜೆ’. ಮದ್ಯದಂಗಡಿಯ ಬಾಗಿಲಲ್ಲೂ ಅದೇ ಸುದ್ದಿ. ಮನೆಗೆ ಬಂದು ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಗಾಂಧಿ ಹುಟ್ಟಿದ್ದಕ್ಕೂ ನಿಮ್ಮಜ್ಜನ ಊಟಕ್ಕೂ ಏನು ಸಂಬಂಧ?”

ಮರುವರ್ಷ ಇದೇ ತೊಡಕು ಇನ್ನೊಂದು ರೂಪದಲ್ಲಿ ಬಂತು. 2025ರಲ್ಲಿ ಅಕ್ಟೋಬರ್ 2ರಂದೇ ವಿಜಯದಶಮಿ. ಹಿಂದಿನ ದಿನ ಆಯುಧಪೂಜೆ ಮುಗಿಸಿ, ಮರುದಿನ ಬಾಡೂಟಕ್ಕೆ ನೆಂಟರನ್ನು ಕರೆದಿದ್ದವರೆಲ್ಲ ಮತ್ತೆ ಅದೇ ಚೀಟಿ ಓದಿದರು.

ಅಮ್ಮನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಸೋಮವಾರದ ಎತ್ತು

ನಮ್ಮ ಕಡೆಯ ಹಳ್ಳಿಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ದಿನ. ಊರಹಬ್ಬ ಸಾರಿದ ಮೇಲೆ ಕೆಲವು ಊರುಗಳಲ್ಲಿ ಸಾರಿಗೆ ಒಗ್ಗರಣೆ ಹಾಕುವಂತಿಲ್ಲ, ಊರು ಬಿಟ್ಟು ರಾತ್ರಿ ಹೊರಗೆ ತಂಗುವಂತಿಲ್ಲ. ಮೀರಿದವರು ದೇವರಿಗೆ ತಪ್ಪುಕಾಣಿಕೆ ಕಟ್ಟಬೇಕು.

ಇವು ಕಟ್ಟಳೆಗಳು, ಕಾನೂನಲ್ಲ. ಸೋಮವಾರ ಉತ್ತವನ ಮೇಲೆ ಯಾವ ಪೊಲೀಸ್ ಠಾಣೆಯೂ ದೂರು ಬರೆದುಕೊಳ್ಳುವುದಿಲ್ಲ. ಇಂಥದೇ ಕಟ್ಟಳೆಯನ್ನು ಸರ್ಕಾರ ತನ್ನ ಕಾಗದದ ಮೇಲೆ ಬರೆದು, ಮುದ್ರೆ ಒತ್ತಿ, ಮೀರಿದರೆ ದಂಡ ಹಾಕುತ್ತೇನೆ ಅಥವಾ ಪರವಾನಗಿ ಕಿತ್ತುಕೊಳ್ಳುತ್ತೇನೆ ಎಂದಾಗ ಅದು ಕಾನೂನಾಗುತ್ತದೆ. ಧರ್ಮದ ಅಥವಾ ನೀತಿಯ ಕಾರಣಕ್ಕೆ ವ್ಯಾಪಾರವನ್ನೋ ಚಟುವಟಿಕೆಯನ್ನೋ ತಡೆಯುವ ಇಂಥ ಕಾನೂನುಗಳು ಜಗತ್ತಿನ ಬಹಳಷ್ಟು ದೇಶಗಳಲ್ಲಿವೆ. ನಮ್ಮಲ್ಲಿ ಅವು ತಡೆಯುವುದು ಸಾಮಾನ್ಯವಾಗಿ ನಾಲ್ಕರಲ್ಲೊಂದನ್ನು: ಒಂದು ದಿನದ ವ್ಯಾಪಾರ, ಒಂದು ಜಾಗದ ವ್ಯಾಪಾರ, ಒಂದು ಸರಕು, ಅಥವಾ ಇಂಥವರು ವ್ಯಾಪಾರ ಮಾಡುವಂತಿಲ್ಲ ಎಂಬುದು. ನಾಲ್ಕಕ್ಕೂ ನ್ಯಾಯಾಲಯಗಳು ಹಿಡಿಯುವ ಅಳತೆಗೋಲು ಒಂದೇ ಅಲ್ಲ. ಗೊಂದಲವೆಲ್ಲ ಹುಟ್ಟುವುದು ಅಲ್ಲಿ.

ಬಸವಣ್ಣನ ಎತ್ತನ್ನು ಮರೆಯಬೇಡಿ. ಅದು ಸಮುದ್ರದಾಚೆ ಮತ್ತೆ ಸಿಗುತ್ತದೆ.

ಮರಗಸಿಯೋ, ಬುಡಕ್ಕೆ ಕೊಡಲಿಯೋ

ಸಂವಿಧಾನದ 19ನೇ ವಿಧಿಯ (1)(ಜಿ) ಉಪಖಂಡ ಪ್ರತಿಯೊಬ್ಬ ಪ್ರಜೆಗೂ ತನಗೆ ಬೇಕಾದ ವೃತ್ತಿ, ವ್ಯಾಪಾರ ಮಾಡುವ ಹಕ್ಕು ಕೊಡುತ್ತದೆ. ಅದೇ ವಿಧಿಯ (6)ನೇ ಖಂಡ, ಸಾರ್ವಜನಿಕರ ಹಿತಕ್ಕಾಗಿ ಆ ಹಕ್ಕಿನ ಮೇಲೆ ಸಮಂಜಸವಾದ ನಿರ್ಬಂಧ ಹೇರಬಹುದು ಎನ್ನುತ್ತದೆ. ಕುರಿ ಕಡಿಯುವವರು ಮೊದಲನೆಯದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುತ್ತಾರೆ, ಸರ್ಕಾರ ಎರಡನೆಯದನ್ನು ಹಿಡಿದು ಉತ್ತರ ಕೊಡುತ್ತದೆ.

‘ಸಮಂಜಸ’ ಎಂದರೆ ಎಷ್ಟು? ಕಾಫಿ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವುದಕ್ಕೆ ಮಲೆನಾಡಿನಲ್ಲಿ ಮರಗಸಿ ಎನ್ನುತ್ತಾರೆ. ಬೆಳಕಿಗೆ ಬೇಕಾದಷ್ಟು ಕೊಂಬೆ ಕಡಿದರೆ ಮರವೂ ಉಳಿಯುತ್ತದೆ, ಕೆಳಗಿನ ಗಿಡವೂ ಉಳಿಯುತ್ತದೆ. ಬುಡಕ್ಕೇ ಕೊಡಲಿ ಹಾಕಿದರೆ ಅದು ಮರಗಸಿಯಲ್ಲ. ವ್ಯಾಪಾರದ ಮೇಲಿನ ನಿರ್ಬಂಧ ಮರಗಸಿಯೋ ಬುಡಕಡಿತವೋ ಎಂದು ನೋಡುವುದು ನ್ಯಾಯಾಲಯದ ಕೆಲಸ. ಬುಡವನ್ನೇ ಕಡಿಯಬೇಕೆಂದರೆ ಸರ್ಕಾರ ಅದಕ್ಕೆ ತಕ್ಕಷ್ಟು ಗಟ್ಟಿಯಾದ ಕಾರಣ ಕೊಡಬೇಕು.

ಇನ್ನೊಂದು ಮಾತು. ಖಂಡದಲ್ಲಿರುವುದು ‘ಸಾರ್ವಜನಿಕರ ಹಿತ’. ‘ದೇವರ ಹಿತ’ ಎಂದಾಗಲಿ ‘ಭಕ್ತರ ಹಿತ’ ಎಂದಾಗಲಿ ಅಲ್ಲಿ ಬರೆದಿಲ್ಲ. ಹಾಗಾಗಿ ಸರ್ಕಾರಿ ಆದೇಶಗಳಲ್ಲಿ ‘ದೇವರು ಒಪ್ಪುವುದಿಲ್ಲ’ ಎಂಬ ವಾಕ್ಯವನ್ನು ನೀವು ಕಾಣುವುದು ಅಪರೂಪ. ಆರೋಗ್ಯ, ಶಾಂತಿ, ಸುವ್ಯವಸ್ಥೆ, ಕೃಷಿ, ನೀತಿ ಎಂಬ ಪದಗಳು ಇರುತ್ತವೆ.

ಒಂದು ದಿನ, ಏಳು ದಿನ, ಒಂಬತ್ತು ದಿನ

ಅಮ್ಮನ ಪ್ರಶ್ನೆಗೆ ಹೆಚ್ಚುಕಡಿಮೆ ನೇರವಾದ ಉತ್ತರ ಇರುವುದು ಗಾಂಧಿಯ ಗುಜರಾತಿನಲ್ಲಿಯೇ. ಅಹಮದಾಬಾದಿನ ಪಾಲಿಕೆ ವರ್ಷಕ್ಕೆ ಏಳು ದಿನ ಕಸಾಯಿಖಾನೆ ಮುಚ್ಚಬೇಕೆಂದು ಆದೇಶ ಮಾಡಿತ್ತು: ಜನ್ಮಾಷ್ಟಮಿ, ಜೈನರ ಸಂವತ್ಸರಿ, ರಾಮನವಮಿ, ಮಹಾವೀರ ಜಯಂತಿ, ಅಕ್ಟೋಬರ್ 2, ಗಾಂಧೀಜಿ ಹತರಾದ ಜನವರಿ 30 ಮತ್ತು ಅವರ ಶ್ರಾದ್ಧದ ದಿನವಾದ ಫೆಬ್ರವರಿ 12. ವ್ಯಾಪಾರಿಯೊಬ್ಬರು ಪ್ರಶ್ನಿಸಿದರು. ಗುಜರಾತ್ ಹೈಕೋರ್ಟಿನಲ್ಲಿ ಅವರು ಗೆದ್ದರೂ 1986ರಲ್ಲಿ ಸುಪ್ರೀಂ ಕೋರ್ಟ್ ತೀರ್ಪನ್ನು ತಿರುಗಿಸಿತು. ‘ಸಾರ್ವಜನಿಕರ ಹಿತ’ ಎಂಬ ಮಾತಿನ ಹರವು ದೊಡ್ಡದು, ಸುವ್ಯವಸ್ಥೆ, ಆರೋಗ್ಯ, ನೀತಿ, ಜನರ ಆರ್ಥಿಕ ಕ್ಷೇಮ ಎಲ್ಲವೂ ಅದರೊಳಗೆ ಬರುತ್ತವೆ ಎಂದಿತು. ವರ್ಷದಲ್ಲಿ ಏಳು ದಿನ ಮುಚ್ಚುವುದರಿಂದ ಕಸುಬು ನಿಂತುಹೋಗುವುದಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದು ಮರಗಸಿ.

2008ರಲ್ಲಿ ಅದೇ ಅಹಮದಾಬಾದಿನಿಂದ ಇನ್ನೊಂದು ಪ್ರಕರಣ ಬಂತು. ಜೈನರ ಪರ್ಯೂಷಣದ ಒಂಬತ್ತು ದಿನ ಪಾಲಿಕೆಯ ಕಸಾಯಿಖಾನೆ ಮುಚ್ಚುವ ನಿರ್ಣಯ ಅದು. ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಎರಡು ಮಾತುಗಳು ಒಂದರ ಪಕ್ಕ ಒಂದು ಕೂತಿವೆ. ಯಾರು ಏನು ತಿನ್ನಬೇಕೆಂಬುದು ಅವರವರ ಖಾಸಗಿ ವಿಚಾರ, ಅದು 21ನೇ ವಿಧಿಯ ಖಾಸಗಿತನದ ಹಕ್ಕಿನ ಭಾಗ ಎಂಬುದು ಒಂದು. ಮುಚ್ಚುವ ಅವಧಿ ಬಹಳ ದೀರ್ಘವಾಗಿದ್ದರೆ ಇಂಥ ನಿರ್ಣಯವನ್ನು ಅತಿಯಾಯಿತೆಂದು ರದ್ದು ಮಾಡಬೇಕಾಗುತ್ತಿತ್ತೇನೋ ಎಂಬುದು ಇನ್ನೊಂದು. ಒಂಬತ್ತು ದಿನಕ್ಕೆ ಒಪ್ಪಿಗೆ ಸಿಕ್ಕಿತು, ಆದರೆ ಗೆರೆ ಎಲ್ಲಿದೆ ಎಂದು ದಿನ ಎಣಿಸಿ ಹೇಳಲಿಲ್ಲ. ಹತ್ತಕ್ಕೋ, ಮೂವತ್ತಕ್ಕೋ? ವಕೀಲರ ಹೊಟ್ಟೆಪಾಡು ಇರುವುದೇ ಇಂಥ ಸಂದಿಗಳಲ್ಲಿ.

2015ರಲ್ಲಿ ಮುಂಬೈಯಲ್ಲಿ ಇದೇ ಪರ್ಯೂಷಣದ ಹೊತ್ತಿಗೆ ಗಲಾಟೆ ಎದ್ದಾಗ ಬಾಂಬೆ ಹೈಕೋರ್ಟ್ ಕಸಾಯಿಖಾನೆ ಮುಚ್ಚುವುದಕ್ಕೆ ತಡೆ ಕೊಡಲಿಲ್ಲ, ಮಾಂಸ ಮಾರುವುದರ ಮೇಲಿನ ನಿಷೇಧಕ್ಕೆ ಮಾತ್ರ ತಡೆ ಕೊಟ್ಟಿತು. ಕಡಿಯುವುದು, ಮಾರುವುದು, ತಿನ್ನುವುದು ಕಾನೂನಿನ ಕಣ್ಣಲ್ಲಿ ಮೂರು ಬೇರೆ ಬೇರೆ ಕೆಲಸಗಳು.

ಕರ್ನಾಟಕದಲ್ಲಿ ಇಂಥ ಆದೇಶಗಳು ಜನರನ್ನು ತಲುಪುವುದು ನಗರಾಡಳಿತದ ಮೂಲಕ. ನಗರಸಭೆ, ಪುರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ, ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ. ಕಸಾಯಿಖಾನೆ, ಮಾರುಕಟ್ಟೆ, ಮಾಂಸದಂಗಡಿಯ ಪರವಾನಗಿ ಅವುಗಳ ಕೈಯಲ್ಲಿರುತ್ತವೆ. ಪರವಾನಗಿ ಕೊಟ್ಟವರು ‘ಇಂಥ ದಿನ ತೆರೆಯಬೇಡ’ ಎಂಬ ಷರತ್ತನ್ನೂ ಹಾಕುತ್ತಾರೆ. ಆದೇಶದ ವ್ಯಾಪ್ತಿ ನಗರದ ಗಡಿಗೆ ಮುಗಿದಿದ್ದರೆ ಗಡಿಯಾಚೆಯ ಹಳ್ಳಿಯಲ್ಲಿ ನಾಲ್ಕಾರು ಮನೆಯವರು ಸೇರಿ ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುವುದಕ್ಕೆ ಅದು ತಾಗುವುದಿಲ್ಲ. ಹಬ್ಬದ ಬೆಳಿಗ್ಗೆ ಪೇಟೆಯ ಸ್ಕೂಟರುಗಳೆಲ್ಲ ಹಳ್ಳಿಯ ಕಡೆಗೆ ಮುಖ ಮಾಡುವುದೇಕೆಂದು ಈಗ ಗೊತ್ತಾಗಿರಬೇಕು.

ಋಷಿಕೇಶದ ಮೊಟ್ಟೆ, ನಮ್ಮೂರಿನ ನೂರು ಮೀಟರು

ದಿನದ ನಿಷೇಧ ಬಂದು ಹೋಗುತ್ತದೆ. ಜಾಗದ ನಿಷೇಧ ಅಲ್ಲೇ ಕೂತಿರುತ್ತದೆ. ಹರಿದ್ವಾರ, ಋಷಿಕೇಶ, ಮುನಿ ಕಿ ರೇತಿಗಳಲ್ಲಿ ಮಾಂಸ, ಮೀನು ಮಾರುವುದಕ್ಕೆ ಮೊದಲೇ ನಿಷೇಧವಿತ್ತು. ಋಷಿಕೇಶದ ಪುರಸಭೆ ಆ ಪಟ್ಟಿಗೆ ಮೊಟ್ಟೆಯನ್ನೂ ಸೇರಿಸಿತು. ವ್ಯಾಪಾರಿಗಳು ಸುಪ್ರೀಂ ಕೋರ್ಟಿನವರೆಗೆ ಹೋದರು. ಆ ಊರುಗಳಿಗೆ ಜನ ಬರುವುದೇ ಯಾತ್ರೆಗೆ, ಅಲ್ಲಿನ ಬದುಕು ನಿಂತಿರುವುದೂ ಅದರ ಮೇಲೆ, ಆದ್ದರಿಂದ ನಿರ್ಬಂಧ ಸಮಂಜಸವೇ ಎಂದು 2004ರಲ್ಲಿ ತೀರ್ಪು ಬಂತು. ಮೊಟ್ಟೆ ಬೇಕಾದವರು ಪಕ್ಕದ ಊರಿನಿಂದ ತರಬಹುದಲ್ಲ ಎಂಬುದು ಇಂಥ ವಾದದ ಅಡಿಪಾಯ. ಇಡೀ ರಾಜ್ಯಕ್ಕೆ ಮೊಟ್ಟೆ ನಿಷೇಧಿಸಿದ್ದರೆ ಇದೇ ವಾದ ನಿಲ್ಲುತ್ತಿರಲಿಲ್ಲ.

ನಮ್ಮಲ್ಲಿ ಇದರ ದಿನಬಳಕೆಯ ರೂಪ ಮದ್ಯದಂಗಡಿಯದು. ಕರ್ನಾಟಕದ 1967ರ ಅಬಕಾರಿ ನಿಯಮಗಳ ಪ್ರಕಾರ ಪೂಜಾಸ್ಥಳ, ಶಾಲೆ, ಆಸ್ಪತ್ರೆಗಳ ನೂರು ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಇಲ್ಲ. ಪೂಜಾಸ್ಥಳವೂ ಆಸ್ಪತ್ರೆಯೂ ಒಂದೇ ಸಾಲಿನಲ್ಲಿರುವುದನ್ನು ಗಮನಿಸಿ. ಧರ್ಮದ ಕಾರಣ ಆರೋಗ್ಯದ, ಶಿಸ್ತಿನ ಕಾರಣಗಳ ಜೊತೆ ಬೆರೆತು ಬಂದಿದೆ, ಹಾಲು ಯಾವುದು ನೀರು ಯಾವುದು ಎಂದು ಬೇರೆ ಮಾಡಲಾಗದ ಹಾಗೆ.

ಜಾಗಕ್ಕೆ ಸಂಬಂಧಿಸಿದ ಇನ್ನೊಂದು ಕಾನೂನು ದೇವರ ಪರವಾಗಿ ಹುಟ್ಟಿದ್ದಲ್ಲ, ದೇವರ ಹೆಸರಿನ ಆಚರಣೆಯನ್ನು ತಡೆಯಲೆಂದೇ ಹುಟ್ಟಿದ್ದು. 1959ರ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆ ಸಾರ್ವಜನಿಕ ಪೂಜಾಸ್ಥಳ, ಅದರ ಆವರಣ, ಪೂಜೆಗೆ ಸಂಬಂಧಿಸಿದ ಮೆರವಣಿಗೆಗಳಲ್ಲಿ ಬಲಿ ಕೊಡುವುದನ್ನು ನಿಷೇಧಿಸುತ್ತದೆ. ಜಾತ್ರೆಗೆ ಹರಕೆಯ ಕುರಿ ಹಿಡಿದು ಬಂದವರು ಗುಡಿಯ ಮುಂದೆ ತೀರ್ಥ ಹಾಕಿಸಿಕೊಂಡು, ದೂರದ ಹೊಲಕ್ಕೆ ಹೊಡೆದುಕೊಂಡು ಹೋಗುವುದು ಈ ಕಾಯ್ದೆಯ ನೆರಳಿನಲ್ಲಿ ಬೆಳೆದ ರೂಢಿ.

ಸರಕನ್ನೇ ನಿಷೇಧಿಸಿದಾಗ

ಮದ್ಯ ಮತ್ತು ಜೂಜಿನ ವಿಷಯದಲ್ಲಿ ಮರಗಸಿಯ ಲೆಕ್ಕ ನಡೆಯುವುದಿಲ್ಲ. ಈ ಮರವೇ ನಿನ್ನದಲ್ಲ ಎನ್ನುತ್ತದೆ ನ್ಯಾಯಾಲಯ. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ 19ನೇ ವಿಧಿಯ ರಕ್ಷಣೆ ಇಲ್ಲ ಎಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದ್ಯದ ವಿಷಯದಲ್ಲಿ ಪದೇ ಪದೇ ಎದುರಾಗುವ ತೀರ್ಪು ನಮ್ಮ ರಾಜ್ಯದ್ದೇ, ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣ. ಮದ್ಯ ಮಾರುವ ಮೂಲಭೂತ ಹಕ್ಕು ಯಾರಿಗೂ ಇಲ್ಲ, ಸರ್ಕಾರ ಪೂರ್ತಿ ನಿಷೇಧಿಸಬಹುದು, ತಾನೇ ಮಾರಬಹುದು, ಷರತ್ತು ಹಾಕಿ ಬೇರೆಯವರಿಗೆ ಬಿಡಬಹುದು ಎಂದಿತು ನ್ಯಾಯಾಲಯ. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತದ್ದು ಇಂಥ ಅಧಿಕಾರದಿಂದ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುವುದೂ ಪೌಷ್ಟಿಕತೆ, ಆರೋಗ್ಯದ ಹೆಸರಿನಲ್ಲಿಯೇ.

ಹಾಗಾಗಿ ಅಕ್ಟೋಬರ್ 2ರಂದು ಮುಚ್ಚಿದ ಎರಡು ಅಂಗಡಿಗಳು ಒಂದೇ ಥರ ಕಂಡರೂ ಒಂದೇ ಅಲ್ಲ. ಮಾಂಸದಂಗಡಿಯವರು ‘ನನ್ನ ಹಕ್ಕಿಗೆ ಸರ್ಕಾರ ಅಡ್ಡ ಬಂತು’ ಎಂದು ವಾದಿಸಬಹುದು. ಮದ್ಯದಂಗಡಿಯವರಿಗೆ ಇರುವುದು ಪರವಾನಗಿ ಮಾತ್ರ.

ಜಾನುವಾರುಗಳ ಕಥೆ ಇವೆರಡರ ನಡುವೆ ಬರುತ್ತದೆ. 48ನೇ ವಿಧಿ ಗೋವು, ಕರು, ಹಾಲು ಕೊಡುವ ಮತ್ತು ಗೇಯುವ ಜಾನುವಾರುಗಳ ಹತ್ಯೆ ತಡೆಯುವ ಬಗ್ಗೆ ಮಾತಾಡುತ್ತದೆ, ಆದರೆ ವಾಕ್ಯ ಶುರುವಾಗುವುದು ಕೃಷಿ ಮತ್ತು ಪಶುಸಂಗೋಪನೆಯನ್ನು ವೈಜ್ಞಾನಿಕವಾಗಿ ನಡೆಸಬೇಕೆಂಬ ಮಾತಿನಿಂದ. 1958ರಲ್ಲಿ ಸುಪ್ರೀಂ ಕೋರ್ಟ್ ಹಸು, ಕರುಗಳ ಹತ್ಯೆಯ ಪೂರ್ಣ ನಿಷೇಧವನ್ನು ಒಪ್ಪಿ, ಗೇಯಲಾಗದ ಮುದಿ ಎತ್ತು, ಕೋಣಗಳಿಗೂ ಅದನ್ನು ಹಿಗ್ಗಿಸುವುದು ಕಟುಕರ ಕಸುಬಿನ ಬುಡಕಡಿತ ಎಂದಿತ್ತು. 2005ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಗುಜರಾತಿನ ಪ್ರಕರಣದಲ್ಲಿ, ಬಹುಮತದಿಂದ ಆ ನಿಲುವನ್ನು ಬದಲಿಸಿತು. ಮುದಿ ಎತ್ತಿನ ಸಗಣಿಯೂ ಹೊಲಕ್ಕೆ ಬೇಕು ಎಂಬುದು ಅಲ್ಲಿ ಒಂದು ಮುಖ್ಯ ಕಾರಣವಾಗಿತ್ತು.

ಕರ್ನಾಟಕದ 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗಳನ್ನು ಪ್ರಮಾಣಪತ್ರ ಪಡೆದು ಕಡಿಯಲು ಅವಕಾಶವಿತ್ತು. 2020ರ ಕಾಯ್ದೆ ಎತ್ತನ್ನು ಪೂರ್ತಿ ನಿಷೇಧದೊಳಗೆ ತಂದು, ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಬಾಗಿಲು ತೆರೆದಿಟ್ಟಿದೆ. ಶಿಕ್ಷೆ ಮೂರರಿಂದ ಏಳು ವರ್ಷದ ಸೆರೆ, ದಂಡ ಐವತ್ತು ಸಾವಿರದಿಂದ ಐದು ಲಕ್ಷ ರೂಪಾಯಿ. ಹಾಸನದಂಥ ಹಾಲಿನ ಜಿಲ್ಲೆಯಲ್ಲಿ ಈ ಚರ್ಚೆ ಕಟುಕರ ಓಣಿಯಲ್ಲಿ ಮಾತ್ರವಲ್ಲ, ಡೇರಿಯ ಮುಂದೆಯೂ ನಡೆಯುತ್ತದೆ. ಸೀಮೆ ಹಸು ಗಂಡುಕರು ಹಾಕಿದರೆ ಅದನ್ನು ಏನು ಮಾಡುವುದೆಂದು ಕ್ಯಾನು ಹಿಡಿದು ನಿಂತವರು ಮಾತಾಡಿಕೊಳ್ಳುತ್ತಾರೆ.

ಡಿಸೆಂಬರಿನ ಚಿಕ್ಕಮಗಳೂರು

ದತ್ತಜಯಂತಿಯ ಹೊತ್ತಿಗೆ ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರು ಕಕ್ಕಾಬಿಕ್ಕಿಯಾಗುವುದುಂಟು. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯ ದಾರಿಯಲ್ಲಿ ಕೆಲವು ದಿನ ಪ್ರವಾಸಿಗರಿಗೆ ಪ್ರವೇಶವಿಲ್ಲ, ಮದ್ಯದಂಗಡಿಗಳೂ ಮುಚ್ಚಿರುತ್ತವೆ. ಹೋಂಸ್ಟೇ ಕಾಯ್ದಿರಿಸಿದವರ ಫೋನಿನ ಸಿಟ್ಟನ್ನು ತೋಟದವರು ಕೇಳಿಸಿಕೊಳ್ಳಬೇಕು.

ಹಬ್ಬಕ್ಕಾಗಿ ಮುಚ್ಚಿದ್ದಾರೆ ಎಂದು ಜನ ಅಂದುಕೊಳ್ಳುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಹಾಗಲ್ಲ. 1965ರ ಅಬಕಾರಿ ಕಾಯ್ದೆ ಸಾರ್ವಜನಿಕ ಶಾಂತಿಗಾಗಿ ಮದ್ಯದಂಗಡಿ ಮುಚ್ಚಿಸುವ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ ಕೊಡುತ್ತದೆ. ಎರಡು ಸಮುದಾಯಗಳು ನಡೆದುಕೊಳ್ಳುವ, ದಶಕಗಳಿಂದ ವಿವಾದವಿರುವ ಸ್ಥಳಕ್ಕೆ ಒಂದೇ ದಿನ ಸಾವಿರಾರು ಜನ ಬರುವಾಗ ಜಿಲ್ಲಾಧಿಕಾರಿ ನೋಡುವುದು ಶಾಂತಿಯನ್ನು, ವ್ರತವನ್ನಲ್ಲ. ಚುನಾವಣೆಯ ಮತದಾನ ಮುಗಿಯುವ ಮುಂಚಿನ 48 ಗಂಟೆ ಮದ್ಯ ಮಾರುವಂತಿಲ್ಲ ಎಂಬ ನಿಯಮವೂ ಇದೇ ಜಾತಿಯದು, ಅದು 1951ರ ಜನಪ್ರಾತಿನಿಧ್ಯ ಕಾಯ್ದೆಯಿಂದ ಬಂದದ್ದು. ಚೀಟಿ ಒಂದೇ, ಹಿಂದಿನ ಕಾಯ್ದೆ ಬೇರೆ.

ಜಾತ್ರೆಯ ಮಳಿಗೆ ಯಾರಿಗೆ

ನಾಲ್ಕರಲ್ಲಿ ಹೆಚ್ಚು ಕಾವೇರಿದ್ದು ವ್ಯಕ್ತಿಯ ಮೇಲಿನ ನಿರ್ಬಂಧ. 2022ರ ಮಾರ್ಚಿನಲ್ಲಿ ಕರಾವಳಿಯಿಂದ ಶುರುವಾಗಿ ಹಲವು ಊರುಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂಬ ಒತ್ತಾಯ ಎದ್ದಿತು. ಬೇಲೂರಿನ ಚೆನ್ನಕೇಶವನ ರಥೋತ್ಸವದ ಹೊತ್ತಿಗೂ ಈ ಮಾತು ಕೇಳಿಬಂತು. ಆಗ ಎಲ್ಲರೂ ಹುಡುಕಿ ತೆಗೆದದ್ದು ಮುಜರಾಯಿ ಇಲಾಖೆಯ 2002ರ ನಿಯಮಗಳನ್ನು. ದೇವಸ್ಥಾನಕ್ಕೆ ಹತ್ತಿರವಿರುವ ಅದರ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎಂಬ ಸಾಲು ಅಲ್ಲಿದೆ.

ನಿಯಮ ಹೇಳುವುದು ದೇವಸ್ಥಾನದ ಆಸ್ತಿಯ ಗುತ್ತಿಗೆಯ ಬಗ್ಗೆ. ಹಾಗಾದರೆ ತೇರಿನ ಬೀದಿಯಲ್ಲಿ ಎರಡು ದಿನ ಬಳೆ, ಬೆಂಡು ಬತ್ತಾಸು ಹರಡಿಕೊಂಡು ಕೂರುವವರಿಗೆ ಅದು ಅನ್ವಯಿಸುತ್ತದೆಯೇ? ಅಂದಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ ವಿಧಾನಸಭೆಯಲ್ಲಿ ನಿಯಮವನ್ನು ಉಲ್ಲೇಖಿಸುತ್ತಲೇ, ದೇವಸ್ಥಾನದ ಆವರಣದ ಹೊರಗೆ ತಡೆದಿದ್ದರೆ ಸರಿಪಡಿಸುತ್ತೇವೆ ಎಂದಿದ್ದರು. ಬೀದಿ ಸಾರ್ವಜನಿಕರದು, ಬೀದಿ ವ್ಯಾಪಾರಿಗಳಿಗೆ 2014ರ ಪ್ರತ್ಯೇಕ ಕಾಯ್ದೆಯಿದೆ. ನಿಯಮವನ್ನು ವಿರೋಧಿಸುವವರು ಧರ್ಮದ ಆಧಾರದಲ್ಲಿ ಸರ್ಕಾರ ಭೇದ ಮಾಡಬಾರದೆನ್ನುವ 15ನೇ ವಿಧಿಯನ್ನು ಮುಂದಿಡುತ್ತಾರೆ. ಸಮರ್ಥಿಸುವವರು ಧಾರ್ಮಿಕ ಸಂಸ್ಥೆ ತನ್ನ ಆಸ್ತಿಯನ್ನು ತನ್ನ ಉದ್ದೇಶಕ್ಕೆ ತಕ್ಕಂತೆ ನೋಡಿಕೊಳ್ಳಬೇಕೆನ್ನುತ್ತಾರೆ. ಒಂದು ಜಾತ್ರೆಯಲ್ಲಿ ತಕರಾರು ಎದ್ದರೆ ಮೊದಲು ನೋಡಬೇಕಾದದ್ದು ಮಳಿಗೆ ನಿಂತ ನೆಲ ಯಾರ ಹೆಸರಿನಲ್ಲಿದೆ ಎಂಬುದನ್ನು. ಸರ್ವೆ ನಂಬರು ಇಲ್ಲಿ ಶಾಸ್ತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಭಾನುವಾರದ ಆಟಿಕೆ ಜಲಾಂತರ್ಗಾಮಿ

ಈಗ ಬಸವಣ್ಣನ ಎತ್ತಿಗೆ ಬರೋಣ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರಲ್ಲಿ ಭಾನುವಾರ ಬಿಡುವಿನ ದಿನವೆಂದು ಆಜ್ಞೆ ಹೊರಡಿಸಿದ. ಅದರ ಮರಿಮಕ್ಕಳಂಥ ಕಾನೂನುಗಳು ಅಮೆರಿಕದ ರಾಜ್ಯಗಳಲ್ಲಿ ಬೆಳೆದವು. ಮೇರಿಲ್ಯಾಂಡಿನ ಅಂಗಡಿಯೊಂದರ ನೌಕರರು ಭಾನುವಾರ ಕಾಗದದ ಫೈಲು, ನೆಲಕ್ಕೆ ಹಚ್ಚುವ ಮೇಣ, ಸ್ಟೇಪ್ಲರ್ ಮತ್ತು ಒಂದು ಆಟಿಕೆ ಜಲಾಂತರ್ಗಾಮಿ ಮಾರಿದ್ದಕ್ಕೆ ದಂಡ ತೆತ್ತರು. ಹಾಲು, ಬ್ರೆಡ್ಡು, ಪತ್ರಿಕೆ, ಪೆಟ್ರೋಲು ಮಾರಬಹುದಿತ್ತು, ಆಟಿಕೆ ಮಾರುವಂತಿರಲಿಲ್ಲ. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಈ ಕಾನೂನಿನ ಹುಟ್ಟು ಧಾರ್ಮಿಕವಾದರೂ ಇಂದಿನ ಉದ್ದೇಶ ಎಲ್ಲರಿಗೂ ಒಟ್ಟಿಗೆ ಬಿಡುವು ಕೊಡುವುದು ಎಂದು ಎತ್ತಿಹಿಡಿಯಿತು. ನೊಗ ಇಳಿಸಿದ್ದು ಬಸವಣ್ಣನಿಗಾಗಿ, ಆದರೆ ದಣಿವಾರಿಸಿಕೊಂಡದ್ದು ಎತ್ತು. ಇದು ಅದೇ ತರ್ಕ.

ಕೆನಡಾ ಬೇರೆ ದಾರಿ ಹಿಡಿಯಿತು. ಅಲ್ಲಿನ ಕಾನೂನಿನ ಹೆಸರೇ ‘ಪ್ರಭುವಿನ ದಿನದ ಕಾಯ್ದೆ’. ಹೆಸರಿನಲ್ಲೇ ಉದ್ದೇಶ ಬರೆದುಕೊಂಡಿದ್ದರಿಂದ 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮರುವರ್ಷವೇ ಅದೇ ನ್ಯಾಯಾಲಯ ಒಂಟಾರಿಯೊದ ಭಾನುವಾರದ ರಜೆಯ ಕಾಯ್ದೆಯನ್ನು ಉಳಿಸಿತು, ಅದು ಅಂಗಡಿ ನೌಕರರ ಬಿಡುವಿನ ಹೆಸರಿನಲ್ಲಿತ್ತು. ಎರಡೂ ಕಡೆ ಮುಚ್ಚಿದ್ದು ಭಾನುವಾರದ ಬಾಗಿಲೇ.

ಚೀಟಿ ಓದುವ ಬಗೆ

ಮುಂದಿನ ಸಲ ಅಂಗಡಿಯ ಬಾಗಿಲಲ್ಲಿ ಚೀಟಿ ಕಂಡರೆ ಅದರ ಹಿಂದಿನ ಆದೇಶದಲ್ಲಿ ನೋಡಬೇಕಾದ್ದು ಇಷ್ಟು. ಸಹಿ ಯಾರದು: ನಗರಸಭೆಯ ಪೌರಾಯುಕ್ತರದೋ, ಜಿಲ್ಲಾಧಿಕಾರಿಯದೋ? ಯಾವ ಕಾಯ್ದೆಯ ಯಾವ ಕಲಮು? ಎಷ್ಟು ದಿನ, ಯಾವ ಗಡಿಯವರೆಗೆ? ತಡೆದಿರುವುದು ಕಡಿಯುವುದನ್ನೋ, ಮಾರುವುದನ್ನೋ? ಕಾಯ್ದೆ, ಕಲಮು ಇಲ್ಲದೆ ಬಾಯಿಮಾತಿನಲ್ಲಿ ‘ಮುಚ್ಚಿ’ ಎಂದವರು ಅಧಿಕಾರಿಯೇ ಆಗಿದ್ದರೂ ಲಿಖಿತ ಆದೇಶ ಕೇಳುವುದಕ್ಕೆ ಅಡ್ಡಿಯಿಲ್ಲ. ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆಯಬಹುದು, ಪ್ರಶ್ನಿಸಬೇಕಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಒಂದು ದಿನದ ಆದೇಶಕ್ಕಾಗಿ ಹಾಸನದಿಂದ ಬೆಂಗಳೂರಿಗೆ ಹೋಗಿ ಬರುವ ಖರ್ಚು ಆ ದಿನದ ವ್ಯಾಪಾರವನ್ನೂ ಮೀರುವುದರಿಂದ ಸಣ್ಣ ಅಂಗಡಿಯವರು ಹೋಗುವುದು ಕಡಿಮೆ. ಅವರು ಹಿಂದಿನ ದಿನ ನಾಲ್ಕು ಕುರಿ ಹೆಚ್ಚಿಗೆ ಕಡಿಯುತ್ತಾರೆ.

ಅಜ್ಜನ ಎಡೆಗೂ ಮಾಂಸ ಬಂದದ್ದು ಹಾಗೆಯೇ. ಚೀಟಿ ಅಂಟಿಸಿದ್ದ ಅಂಗಡಿಯವರು ಆ ಸಂಜೆ ಕತ್ತಲಾಗುವವರೆಗೂ ತೂಗುತ್ತಿದ್ದರು. ನಮ್ಮ ಪಾಲಿನ ಒಂದು ಕೆ.ಜಿ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿತ್ತು. ಮನೆಯೊಳಗೆ ಬೇಯಿಸುವುದನ್ನು ಯಾವ ಆದೇಶವೂ ತಡೆದಿರಲಿಲ್ಲ. ಬ್ರಾಂದಿಯ ಬಾಟಲಿಯನ್ನು ಚಿಕ್ಕಪ್ಪ ವಾರದ ಹಿಂದೆಯೇ ತಂದಿಟ್ಟಿದ್ದರು. ಅವರಿಗೆ ಈ ಕಾನೂನುಗಳೆಲ್ಲ ನಮಗಿಂತ ಮೊದಲೇ ಗೊತ್ತಿದ್ದವು.